ಅಂಗಿಯ ಮೇಲಿನ ಕೆಂಪು ಹೂ ರಾಜಕೀಯವೇ? ಪ್ರತಿ ನವೆಂಬರ್‌ನಲ್ಲಿ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನವೆಂಬರ್ ಹತ್ತಿರ ಬಂತೆಂದರೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಇಂಗ್ಲೆಂಡಿನಲ್ಲಿದ್ದು ಫುಟ್‌ಬಾಲ್ ಹಚ್ಚಿಕೊಂಡವನು ಎಂದು ಗೊತ್ತಿರುವವರೆಲ್ಲ ಕೇಳುತ್ತಾರೆ: ಆಟಗಾರರ ಎದೆಯ ಮೇಲೆ ಆ ಕೆಂಪು ಹೂ ಯಾಕೆ? ಹಾಕಿಕೊಳ್ಳದವನಿಗೆ ಇಡೀ ಮೈದಾನ ಯಾಕೆ ಬೈಯುತ್ತದೆ? ಸತ್ತವರನ್ನು ನೆನೆಯುವುದಕ್ಕೂ ಇಷ್ಟೊಂದು ರಾಜಕೀಯ ಬೇಕಿತ್ತೆ? ಮೊನ್ನೆ ಫೋನಿನಲ್ಲಿ ಅಕ್ಕನ ಮಗ ಇನ್ನೂ ನೇರವಾಗಿ ಕೇಳಿದ: "ಮಾಮ, ಬ್ರಿಟಿಷ್ ಸೈನಿಕರಿಗೋಸ್ಕರ ಹಾಕೋ ಹೂವನ್ನ ನೀನ್ಯಾಕೆ ಹಾಕ್ಕೋತೀಯ?"

ಹೌದು, ರಾಜಕೀಯ ಆಗಿದೆ. ಆದರೆ ಅದನ್ನು ಹಾಗೆ ಮಾಡಿದವರು ಹೂ ಬೇಡ ಎಂದವರಲ್ಲ; ಎಲ್ಲರೂ ಹಾಕಲೇಬೇಕು ಎಂದು ಪಟ್ಟು ಹಿಡಿದವರು. ಇದು ನನ್ನ ಖಚಿತ ಅಭಿಪ್ರಾಯ, ಯಾಕೆಂದು ಹೇಳುತ್ತೇನೆ.

ಮೊದಲು ಹೂವಿನ ವಿಷಯ. ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ. ಬ್ರಿಟನ್ ತನ್ನ ಸತ್ತ ಸೈನಿಕರನ್ನು ಪ್ರತಿ ವರ್ಷ ಆ ದಿನದ ಸುತ್ತ ಈ ಹೂ ಧರಿಸಿ ನೆನೆಯುತ್ತದೆ. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನಲ್ಲಿ ಶೆಲ್ ಬಿದ್ದು ಬುಡಮೇಲಾದ ಮಣ್ಣಿನಲ್ಲಿ ಹೇರಳವಾಗಿ ಅರಳಿದ್ದು ಕೆಂಪು ಪಾಪ್ಪಿ, ನಮ್ಮ ಗಸಗಸೆಯ ಜಾತಿಗೇ ಸೇರಿದ ಹೂ. 1921ರಲ್ಲಿ ಹುಟ್ಟಿದ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ ಅದೇ ವರ್ಷ ಈ ಹೂ ಮಾರಿ, ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಹಣ ಕೂಡಿಸಲು ಶುರುಮಾಡಿತು. ಇಂದಿಗೂ ಅಕ್ಟೋಬರ್ ಕೊನೆಯಿಂದ ರೈಲು ನಿಲ್ದಾಣದ ಬಾಗಿಲಲ್ಲಿ, ಸೂಪರ್‌ಮಾರ್ಕೆಟ್ ಮುಂದೆ, ಎದೆಗೆ ಪದಕ ಹಾಕಿಕೊಂಡ ಅಜ್ಜಂದಿರು ಹೂವಿನ ಟ್ರೇ ಮತ್ತು ಹಣದ ಡಬ್ಬಿ ಹಿಡಿದು ನಿಂತಿರುತ್ತಾರೆ. ಇಂತಿಷ್ಟೇ ಎಂಬ ಬೆಲೆಯಿಲ್ಲ. ಕೆಂಪು ಕಾಗದದ ಎರಡು ಎಸಳು, ನಡುವೆ ಕಪ್ಪು ಬೊಟ್ಟು, ಪಕ್ಕಕ್ಕೊಂದು ಹಸಿರೆಲೆ. ಸ್ಕಾಟ್ಲೆಂಡಿನ ಹೂವಿಗೆ ನಾಲ್ಕು ಎಸಳು, ಎಲೆ ಇಲ್ಲ.

ಆ ಕಪ್ಪು ಬೊಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1994ರವರೆಗೂ ಅದರ ಮೇಲೆ 'ಹೇಗ್ ಫಂಡ್' ಎಂದು ಅಚ್ಚಾಗಿರುತ್ತಿತ್ತು. ಡಗ್ಲಸ್ ಹೇಗ್ ಪಶ್ಚಿಮ ರಣರಂಗದಲ್ಲಿ ಬ್ರಿಟಿಷ್ ಸೇನೆಯ ದಂಡನಾಯಕ. 1916ರ ಜುಲೈ 1, ಸೋಮ್ ಕದನದ ಮೊದಲ ದಿನ, ಆ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರಿಗಾಗಿ ಓಡಾಡಿದವನೂ ಹೇಗ್‌ನೇ, ನಿಜ. ಆದರೂ ಸತ್ತ ಹುಡುಗರ ನೆನಪಿನ ಹೂವಿನ ನಡುವೆ ಅವರನ್ನು ಕಳಿಸಿದವನ ಹೆಸರು ಎಪ್ಪತ್ತು ವರ್ಷ ಇತ್ತು. 1933ರಲ್ಲೇ ಮಹಿಳೆಯರ ಸಹಕಾರಿ ಸಂಘವೊಂದು ಬಿಳಿ ಪಾಪ್ಪಿ ತಂದು, ನೆನಪಿನ ಜೊತೆಗೆ ಇನ್ನು ಯುದ್ಧ ಬೇಡ ಎಂಬ ಮಾತನ್ನೂ ಸೇರಿಸಿತು. ಹಾಗಾಗಿ ಈ ಹೂವಿಗೆ ರಾಜಕೀಯ ನಿನ್ನೆ ಮೊನ್ನೆ ಅಂಟಿದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹೊಸದಾಗಿ ಬಂದದ್ದು ಅಂಗಿಯ ಮೇಲಿನ ಹೂ. ಕೋಟಿಗೆ ಪಿನ್ ಚುಚ್ಚಿಕೊಳ್ಳುವ ಹೂ ನೂರು ವರ್ಷ ಹಳೆಯದು. ಇಂಗ್ಲಿಷ್ ಕ್ಲಬ್‌ಗಳು ಪಂದ್ಯದ ಅಂಗಿಯ ಮೇಲೇ ಹೂ ಹಾಕಿಸುವ ರೂಢಿ ಬೆಳೆದದ್ದು ಈ ಶತಮಾನದಲ್ಲಿ. ಮೊದಲ ಯುದ್ಧದ ಕಂದಕಗಳಲ್ಲಿ ಹೋರಾಡಿ ಕೊನೆಯವರೆಗೆ ಬದುಕುಳಿದಿದ್ದ ಬ್ರಿಟಿಷ್ ಸೈನಿಕ ಹ್ಯಾರಿ ಪ್ಯಾಚ್ 2009ರಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡರು. ಯುದ್ಧವೆಂದರೆ ಸಂಘಟಿತ ಕೊಲೆ ಎಂದು ಹೇಳುತ್ತಿದ್ದವರು ಅವರು. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದ ಆ ವರ್ಷಗಳಲ್ಲೇ ಮೈದಾನದಲ್ಲಿ ಹೂವಿನ ಗಾತ್ರವೂ ಗದ್ದಲವೂ ಬೆಳೆಯಿತು. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ವಿಷಯ.

ಮುಂದೆ ಜಗಳ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಅಂಗಳಕ್ಕೆ ಹೋಯಿತು. ಅಂಗಿಯ ಮೇಲೆ ರಾಜಕೀಯ, ಧಾರ್ಮಿಕ, ವೈಯಕ್ತಿಕ ಸಂದೇಶ ಇರಕೂಡದು ಎಂಬುದು ಆಟದ ನಿಯಮ. 2011ರಲ್ಲಿ ಸ್ಪೇನ್ ವಿರುದ್ಧದ ಪಂದ್ಯಕ್ಕೆ ಇಂಗ್ಲೆಂಡ್ ಹೂ ಕೇಳಿದಾಗ ಫಿಫಾ ಬೇಡ ಎಂದಿತು. ಪ್ರಧಾನಿ ಡೇವಿಡ್ ಕ್ಯಾಮೆರಾನ್, ರಾಜಕುಮಾರ ವಿಲಿಯಂ ಇಬ್ಬರೂ ನಡುವೆ ಬಂದರು. ಕೊನೆಗೆ ತೋಳಿನ ಕಪ್ಪುಪಟ್ಟಿಯ ಮೇಲೆ ಹೂ ಇರಬಹುದು ಎಂದು ರಾಜಿಯಾಯಿತು. 2016ರ ನವೆಂಬರ್ 11ರಂದೇ ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯ ಬಂದಾಗ ಮತ್ತೆ ಅದೇ ಕಥೆ. ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ನಿಂತು, ಫಿಫಾ ಮೊದಲು ತನ್ನ ಮನೆ ಸರಿಮಾಡಿಕೊಳ್ಳಲಿ ಎಂದರು. ಎರಡೂ ತಂಡಗಳು ಹೂ ಧರಿಸಿಯೇ ಆಡಿದವು. ಆ ವಾರದ ಹೂವಿನ ಪ್ರದರ್ಶನಕ್ಕೂ ಇತರ ತಪ್ಪುಗಳಿಗೂ ಸೇರಿಸಿ ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್ ದಂಡ ಬಿತ್ತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೂ ಬಿತ್ತು. ಅದೇ ವರ್ಷ, 1916ರ ಈಸ್ಟರ್ ದಂಗೆಯ ಶತಮಾನದ ಗುರುತನ್ನು ಅಂಗಿಯ ಮೇಲೆ ಹಾಕಿಕೊಂಡ ಐರ್ಲೆಂಡ್ ತಂಡವೂ ದಂಡ ತೆತ್ತಿತು. ಒಂದು ಕಡೆ ಬ್ರಿಟಿಷ್ ಸೇನೆಯ ನೆನಪು, ಇನ್ನೊಂದು ಕಡೆ ಅದೇ ಸೇನೆಯ ವಿರುದ್ಧ ಎದ್ದವರ ನೆನಪು. ಇದು ನೆನಪು, ಅದು ರಾಜಕೀಯ ಎಂದು ನಡುವೆ ಗೆರೆ ಎಳೆಯುವ ಧೈರ್ಯ ನನಗಿಲ್ಲ. 2017ರಲ್ಲಿ ನಿಯಮ ಸಡಿಲವಾಯಿತು: ಎದುರಾಳಿ ತಂಡ ಮತ್ತು ಸಂಘಟಕರು ಮೊದಲೇ ಒಪ್ಪಿದರೆ ಅಡ್ಡಿಯಿಲ್ಲ. ಆ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ಜೊತೆ ಜರ್ಮನಿಯವರೂ ಹೂ ಧರಿಸಿದರು. ಕೇಳಿ ಒಪ್ಪಿಸಿ ಹಾಕಿಕೊಂಡ ಆ ಹೂ ನನಗೆ ನಿಜಕ್ಕೂ ಇಷ್ಟವಾಯಿತು.

ಆದರೆ ಜೇಮ್ಸ್ ಮೆಕ್ಲೀನ್ ಎಂಬ ಆಟಗಾರನನ್ನು ಯಾರೂ ಕೇಳಲಿಲ್ಲ. ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನ ಡೆರಿ ಊರಿನ ಕ್ರೆಗನ್ ಬಡಾವಣೆಯಲ್ಲಿ ಬೆಳೆದವನು ಈತ. 1972ರ ಜನವರಿ 30ರಂದು ಆ ಊರಿನಲ್ಲಿ ನಾಗರಿಕ ಹಕ್ಕಿಗಾಗಿ ಮೆರವಣಿಗೆ ಹೊರಟಿದ್ದ ನಿರಾಯುಧ ಜನರ ಮೇಲೆ ಬ್ರಿಟಿಷ್ ಸೇನೆಯ ಪ್ಯಾರಾಚೂಟ್ ರೆಜಿಮೆಂಟ್ ಗುಂಡು ಹಾರಿಸಿತು. ಅಂದೇ 13 ಜನ ಸತ್ತರು, ಗಾಯಗೊಂಡ ಇನ್ನೊಬ್ಬರು ಆಮೇಲೆ. ಸತ್ತವರಲ್ಲಿ ಆರು ಜನ ಕ್ರೆಗನ್‌ನವರು. ಬ್ರಿಟಿಷ್ ಸರ್ಕಾರ ಅದು ಸಮರ್ಥಿಸಲಾಗದ ಕೃತ್ಯವೆಂದು ಕ್ಷಮೆ ಕೇಳಿದ್ದು 2010ರಲ್ಲಿ, 38 ವರ್ಷದ ನಂತರ. 2012ರಲ್ಲಿ ಸಂಡರ್‌ಲೆಂಡ್ ಕ್ಲಬ್ಬಿನಲ್ಲಿದ್ದಾಗ ಮೆಕ್ಲೀನ್ ಹೂವಿಲ್ಲದ ಅಂಗಿ ತೊಟ್ಟ. ಕೊಲೆ ಬೆದರಿಕೆಗಳು ಬಂದವು. 2014ರಲ್ಲಿ ವಿಗನ್ ಕ್ಲಬ್ಬಿನ ಮಾಲೀಕರಿಗೆ ಪತ್ರ ಬರೆದು ಎಲ್ಲವನ್ನೂ ವಿವರಿಸಿದ: ಎರಡು ಮಹಾಯುದ್ಧಗಳಲ್ಲಿ ಸತ್ತವರ ಬಗ್ಗೆ ನನಗೆ ಪೂರ್ಣ ಗೌರವವಿದೆ, ಹೂ ಅವರಿಗಷ್ಟೇ ಆಗಿದ್ದರೆ ವರ್ಷವಿಡೀ ಹಾಕುತ್ತಿದ್ದೆ, ಆದರೆ ಅದು ಬ್ರಿಟಿಷ್ ಸೇನೆಯ ಆಮೇಲಿನ ಎಲ್ಲ ಕಾರ್ಯಾಚರಣೆಗಳಿಗೂ ಸಲ್ಲುತ್ತದೆ, ಅದನ್ನು ಹಾಕಿದರೆ ನನ್ನ ಊರಿನಲ್ಲಿ ಸತ್ತವರಿಗೆ ಅವಮಾನ. ಪತ್ರದ ತಿರುಳು ಇಷ್ಟು. ಬೈಗುಳ ನಿಲ್ಲಲಿಲ್ಲ, ಕ್ಲಬ್ ಬದಲಾದಂತೆ ಅದೂ ಹಿಂದೆ ಹಿಂದೆ ಬಂತು.

ಮೆಕ್ಲೀನ್ ಮಾಡಿದ್ದೆಲ್ಲ ಸರಿ ಎನ್ನುತ್ತಿಲ್ಲ. 2020ರಲ್ಲಿ ಮುಸುಕು ಹಾಕಿಕೊಂಡು ಮಕ್ಕಳಿಗೆ ಇತಿಹಾಸ ಹೇಳುವ ಫೋಟೊ ಹಾಕಿ ಎರಡು ವಾರದ ಸಂಬಳ ದಂಡ ಕಟ್ಟಿದ. ಉತ್ತರ ಐರ್ಲೆಂಡಿನ ಬಂದೂಕುಧಾರಿ ಗುಂಪುಗಳವರು ಹಾಕುತ್ತಿದ್ದಂಥ ಆ ಮುಸುಕು ಎಷ್ಟು ಮನೆಗಳಲ್ಲಿ ಯಾವ ಭಯ ಹುಟ್ಟಿಸುತ್ತದೆ ಎಂಬುದು ಅವನಿಗೆ ತಿಳಿದಿರಬೇಕಿತ್ತು. ಆದರೆ ಹೂವಿನ ವಿಷಯದಲ್ಲಿ ಅವನು ಬಾವುಟ ಸುಡಲಿಲ್ಲ, ಘೋಷಣೆ ಕೂಗಲಿಲ್ಲ. ತನ್ನ ಅಂಗಿಯ ಮೇಲೆ ಒಂದು ಗುರುತು ಬೇಡ ಎಂದ. ಉಳಿದ ಹತ್ತು ಜನರ ಅಂಗಿಯ ಮೇಲೆ ಅಚ್ಚಾಗಿದ್ದರಿಂದಲೇ ಅವನ ಖಾಲಿ ಅಂಗಿ ಒಂದು ಘೋಷಣೆಯಾಗಿ ಕಂಡಿತು. ಕೋಟಿಗೆ ಚುಚ್ಚಿಕೊಳ್ಳುವ ಹೂವಾಗಿದ್ದರೆ ಯಾರು ಹಾಕಿದರು, ಯಾರು ಬಿಟ್ಟರು ಎಂದು ಲೆಕ್ಕ ಇಡುವವರು ಇರುತ್ತಿರಲಿಲ್ಲ. 2018ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ನೆಮಾನ್ಯಾ ಮಾಟಿಚ್ ಕೂಡ ಹೂ ಬೇಡ ಎಂದ. ಸರ್ಬಿಯಾದ ಮೇಲೆ ಬ್ರಿಟನ್ನೂ ಸೇರಿದ್ದ ನೇಟೊ ಸೇನಾಕೂಟ ಬಾಂಬ್ ಸುರಿಸಿದಾಗ ವ್ರೆಲೋ ಎಂಬ ಹಳ್ಳಿಯಲ್ಲಿದ್ದ ಹುಡುಗ ಅವನು. ಹೂ ನೋಡಿದರೆ ಆ ದಿನಗಳು ನೆನಪಾಗುತ್ತವೆ ಎಂದ. ಲೀಜನ್ ಸಂಸ್ಥೆಯೇ ಇದು ಅವರವರ ಇಷ್ಟ, ಬಲವಂತವಿಲ್ಲ ಎನ್ನುತ್ತದೆ. ಬಲವಂತ ಮಾಡುತ್ತಿರುವುದು ಗ್ಯಾಲರಿ, ಪತ್ರಿಕೆ ಮತ್ತು ಅವುಗಳಿಗೆ ಹೆದರುವ ಕ್ಲಬ್‌ಗಳು.

ಊರಿನ ಗೆಳೆಯರು ಇಷ್ಟು ಕೇಳಿ, ನಮ್ಮ ಕ್ರಿಕೆಟ್‌ನಲ್ಲಿ ಇದೆಲ್ಲ ಇಲ್ಲವಲ್ಲ ಎನ್ನುತ್ತಾರೆ. ಇದೆ. 2019ರ ಮಾರ್ಚ್ 8ರಂದು ರಾಂಚಿಯಲ್ಲಿ, ಪುಲ್ವಾಮದಲ್ಲಿ ಮಡಿದ 40 ಸಿಆರ್‌ಪಿಎಫ್ ಯೋಧರ ನೆನಪಿಗೆ ಭಾರತ ತಂಡ ಸೇನೆಯ ಮಾದರಿಯ ಟೋಪಿ ಧರಿಸಿ ಆಡಿತು, ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟಿತು. ಪಾಕಿಸ್ತಾನ ಆಕ್ಷೇಪಿಸಿತು, ಮೊದಲೇ ಅನುಮತಿ ಪಡೆದಿದ್ದರು ಎಂದು ಐಸಿಸಿ ಹೇಳಿತು. ಮೂರು ತಿಂಗಳಲ್ಲಿ ವಿಶ್ವಕಪ್ಪಿನಲ್ಲಿ ಧೋನಿಯ ಗ್ಲೌಸ್ ಮೇಲೆ ಪ್ಯಾರಾ ಪಡೆಯ 'ಬಲಿದಾನ' ಚಿಹ್ನೆ ಕಂಡಾಗ ಅದೇ ಐಸಿಸಿ ತೆಗೆಸಿತು. 2023ರಲ್ಲಿ ಆಸ್ಟ್ರೇಲಿಯಾದ ಆಟಗಾರ ಉಸ್ಮಾನ್ ಖ್ವಾಜಾ ಗಾಜಾದ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲ ಜೀವಗಳೂ ಸಮಾನ ಎಂದು ಶೂ ಮೇಲೆ ಬರೆದುಕೊಂಡಾಗ ಬೇಡ ಎಂದರು. ಬ್ಯಾಟಿನ ಮೇಲೊಂದು ಪಾರಿವಾಳ ಕೇಳಿದಾಗ ಅದಕ್ಕೂ ಒಪ್ಪಲಿಲ್ಲ. ದೊಡ್ಡ ಮಂಡಳಿಯೇ ಕೇಳಿದರೆ ಅದು ನೆನಪು, ಒಬ್ಬಂಟಿ ಆಟಗಾರ ಕೇಳಿದರೆ ರಾಜಕೀಯ. ಇದು ನ್ಯಾಯವಲ್ಲ. ಆ ಮಾರ್ಚ್‌ನಲ್ಲಿ ನಮ್ಮ ಹನ್ನೊಂದು ಜನರಲ್ಲಿ ಒಬ್ಬ, ಯಾವ ಕಾರಣಕ್ಕೇ ಆಗಲಿ, ಟೋಪಿ ಬೇಡ ಎಂದಿದ್ದರೆ ಅವನ ಮನೆಯವರು ನೆಮ್ಮದಿಯಿಂದ ಇರುತ್ತಿದ್ದರೇ? ಮೆಕ್ಲೀನ್‌ಗೆ ಬೈದವರ ಬಗ್ಗೆ ತೀರ್ಪು ಕೊಡುವ ಮೊದಲು ನಾವು ಈ ಪ್ರಶ್ನೆಗೆ ಉತ್ತರ ಹೇಳಬೇಕು.

ಅಕ್ಕನ ಮಗನಿಗೆ ಕೊಟ್ಟ ಉತ್ತರ ಇದು: ನಾನು ಹೂ ಹಾಕಿಕೊಳ್ಳುತ್ತೇನೆ, ಯಾಕೆಂದರೆ ಆ ಸೈನಿಕರಲ್ಲಿ ನಮ್ಮವರೂ ಇದ್ದರು. ಮೊದಲ ಮಹಾಯುದ್ಧಕ್ಕೆ ಹೋದ ಭಾರತೀಯರು 13 ಲಕ್ಷಕ್ಕೂ ಹೆಚ್ಚು, ಮರಳದವರು 74,000ದಷ್ಟು. 1918ರ ಸೆಪ್ಟೆಂಬರ್ 23ರಂದು, ಇಂದು ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಕುದುರೆ ದಳದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟ ಹತ್ತಿ ಶತ್ರುವಿನ ತೋಪುಗಳ ಬಾಯಿ ಕಟ್ಟಿದ್ದು ಅವರೇ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು. ಅವರಿಗೆ ಇಂಗ್ಲೆಂಡಿನ ಈ ನೆಲದಲ್ಲಿ ಒಂದು ಹೂ ಸಲ್ಲಬೇಕು ಎಂಬುದು ನನ್ನ ಆಸೆ. ಹಾಗೆಂದು ಯುದ್ಧ ನಿಂತ ಐದೇ ತಿಂಗಳಿಗೆ, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ್ದೂ ಅದೇ ಸಾಮ್ರಾಜ್ಯದ ಸೇನೆ. ಅಮೃತಸರದಿಂದ ಬಂದ ಆಟಗಾರನೊಬ್ಬ ಈ ಕಾರಣಕ್ಕೆ ಹೂ ಬೇಡ ಎಂದರೆ ನನ್ನ ಹೂವಿಗೆ ಅದರಿಂದ ಏನೂ ಕುಂದಿಲ್ಲ. ಅವನೂ ತನ್ನವರನ್ನೇ ನೆನೆಯುತ್ತಿರುತ್ತಾನೆ.

"ಹಂಗಾದ್ರೆ ಏನು ಮಾಡ್ಬೇಕು ಅಂತೀಯ ಮಾಮ?" ಎಂದ. ಅಂಗಿಯ ಮೇಲೆ ಅಚ್ಚು ಹಾಕುವುದನ್ನು ನಿಲ್ಲಿಸಲಿ. ಮೈದಾನಕ್ಕೆ ಬರುವಾಗ ಮೇಲೆ ತೊಡುವ ಜಾಕೆಟ್‌ಗೆ ಬೇಕಾದವರು ಕಾಗದದ ಹೂ ಚುಚ್ಚಿಕೊಳ್ಳಲಿ. ಒಂದು ನಿಮಿಷದ ಮೌನಕ್ಕೆ ಎಲ್ಲರೂ ಒಟ್ಟಿಗೆ ನಿಲ್ಲಲಿ. ಸತ್ತವರೆಲ್ಲರಿಗೂ ಆ ಮೌನದಲ್ಲಿ ಜಾಗವಿದೆ. ಕ್ರಿಕೆಟ್ ಮಂಡಳಿಗಳು ದೇಶಕ್ಕೊಂದು, ಆಟಗಾರನಿಗೊಂದು ಎಂದು ಎರಡು ಅಳತೆ ಇಟ್ಟುಕೊಳ್ಳದಿರಲಿ. ಇದಕ್ಕೆ ಒಂದು ಆಕ್ಷೇಪ ಖಂಡಿತ ಬರುತ್ತದೆ: ಹೂವಿನ ಅಂಗಿಗಳನ್ನು ಪಂದ್ಯದ ಬಳಿಕ ಹರಾಜು ಹಾಕಿ ಬಂದ ಹಣ ಲೀಜನ್‌ಗೆ ಹೋಗುತ್ತದೆ, ಅದು ನಿಂತರೆ ಗಾಯಾಳು ಸೈನಿಕರಿಗೇ ನಷ್ಟ ಎಂದು. ಆಟಗಾರರ ಸಹಿ ಇರುವ ಅಂಗಿಗೆ ಹೂ ಇಲ್ಲದಿದ್ದರೂ ಬೆಲೆ ಬಂದೇ ಬರುತ್ತದೆ. ಅಷ್ಟಕ್ಕೂ ಕಡಿಮೆಬಿದ್ದರೆ, ಪ್ರತಿ ವಾರ ಕೋಟಿಗಟ್ಟಲೆ ಸಂಬಳ ಕೊಡುವ ಕ್ಲಬ್‌ಗಳು ಆ ಮೊತ್ತವನ್ನು ನೇರವಾಗಿ ಲೀಜನ್‌ಗೆ ಕಟ್ಟಲಿ.