ಗಾಜಿನ ಬಳೆಯ ಸದ್ದು

ನಮ್ಮ ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೊಂದರಲ್ಲಿ ಸಮುದಾಯ ಬಾನುಲಿ ಕೇಂದ್ರವಿತ್ತು. ಕನ್ನಡ ಮೇಷ್ಟ್ರ ಒತ್ತಾಯಕ್ಕೆ ಎರಡನೆಯ ವರ್ಷದಲ್ಲಿ ಅಲ್ಲಿಗೆ ಹೋದ ನಾನು, ಪದವಿ ಮುಗಿಯುವವರೆಗೂ ವಾರಕ್ಕೆ ಮೂರು ಸಂಜೆಗಳನ್ನು ಅಲ್ಲೇ ಕಳೆದೆ.

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಮೇಷ್ಟ್ರು ಅಭಿಮಾನದಿಂದ ಹೇಳುತ್ತಿದ್ದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಮನೆಯಿಂದ. ಶಿಕ್ಷಣ ಸಂಸ್ಥೆಗಳು ಬಾನುಲಿ ನಡೆಸಲು ಸರ್ಕಾರ ಅವಕಾಶ ಕೊಟ್ಟದ್ದು 2002ರಲ್ಲಿ, ಅದನ್ನು ಸ್ವಯಂಸೇವಾ ಸಂಸ್ಥೆಗಳಿಗೂ ವಿಸ್ತರಿಸಿದ್ದು 2006ರಲ್ಲಿ. ಇಂಥ ಕೇಂದ್ರಗಳಿಗೆ ಸುದ್ದಿ ಪ್ರಸಾರದ ಸ್ವಾತಂತ್ರ್ಯವಿರಲಿಲ್ಲ. ಆದರೆ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಬೇಕೆಂಬ ನಿಯಮವಿತ್ತು. ಆ ನಿಯಮವೇ ನಮ್ಮ ಭಾಗ್ಯವಾಯಿತು. ಬಸವನಗುಡಿಯ ಪರಿಷೆಗೆ ಕಡಲೆಕಾಯಿ ತಂದ ರೈತರು, ನಾಗಸ್ವರ ನುಡಿಸುವವರು, ಹವ್ಯಾಸಿ ನಾಟಕ ತಂಡದವರು, ಮುಂಜಾನೆಯ ಕೆಲಸ ಮುಗಿಸಿ ಬಂದ ಪೌರಕಾರ್ಮಿಕರು, ಎಲ್ಲರೂ ಆ ಕೋಣೆಯ ಒಂದೇ ಕುರ್ಚಿಯಲ್ಲಿ ಕುಳಿತು ಮಾತನಾಡಿದರು, ಹಾಡಿದರು.

ಅವರಲ್ಲಿ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂ ಮಾರುತ್ತಿದ್ದ, ಮಾಗಡಿ ಕಡೆಯ ಅಮ್ಮನೊಬ್ಬರನ್ನು ನಾನು ಮರೆಯಲಾರೆ. ಸೋಬಾನೆ ಪದ ಹಾಡುವಾಗ, ಮೊಳ ಹಾಕಿ ಅಭ್ಯಾಸವಾದ ಅವರ ಕೈ ತನ್ನಷ್ಟಕ್ಕೆ ಮೇಲೇಳುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಗಾಜಿನ ಬಳೆಗಳು ಘಲ್ಲೆನ್ನುತ್ತಿದ್ದವು. ಧ್ವನಿಮುದ್ರಣಕ್ಕೆ ಅಡ್ಡಿಯಾದೀತೆಂದು ಅಂಜಿ, ಬಳೆ ತೆಗೆದಿಡಬಹುದೇ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಸನ್ನೆಯಿಂದಲೇ ತಡೆದರು. ಹಾಡು ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು: “ನಮ್ಮೂರಲ್ಲಿರೋ ಮಗಳಿಗೆ ಇದು ಕೇಳಿಸ್ತದಾ ಮಗ?”

ನೂರು ವ್ಯಾಟ್‌ನ ನಮ್ಮ ಪ್ರಸಾರ ಹತ್ತು ಹನ್ನೆರಡು ಕಿಲೋಮೀಟರ್ ದಾಟುತ್ತಿರಲಿಲ್ಲ. ಹಾಗೆಂದು ಹೇಳುವುದು ನನಗೆ ಬಹಳ ಕಷ್ಟವಾಯಿತು. ಆಕೆ ಮಾತ್ರ ಸ್ವಲ್ಪ ಯೋಚಿಸಿ, ಪ್ರಸಾರದ ದಿನ, ಹೊತ್ತು ಎರಡನ್ನೂ ಕೇಳಿ ತಿಳಿದುಕೊಂಡು ಹೋದರು. ಆ ದಿನ ನಾನು ಮಾರುಕಟ್ಟೆಗೆ ಹೋದಾಗ, ಮಗಳು ಬೆಳಗಿನ ಬಸ್ಸಿಗೇ ಬಂದು, ಸೇವಂತಿಗೆಯ ರಾಶಿಯ ಪಕ್ಕದಲ್ಲಿ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕುಳಿತಿದ್ದಳು. ಅಕ್ಕಪಕ್ಕದ ವ್ಯಾಪಾರಿಗಳು ಕೂಗುವುದನ್ನು ನಿಲ್ಲಿಸಿದ್ದರು. ಉದ್ಘೋಷಣೆಯಲ್ಲಿ ತನ್ನ ಹೆಸರು, ಊರು, ಕಸುಬು ಮೂರನ್ನೂ ಹೇಳಿದಾಗ ಆ ತಾಯಿ ಸೆರಗನ್ನು ಹೊದ್ದು ನೆಟ್ಟಗೆ ಕುಳಿತುಕೊಂಡರು. ದೊಡ್ಡ ವಾಹಿನಿಗಳು ಖ್ಯಾತರ ಹೆಸರು ಹೇಳುತ್ತವೆ. ಈ ಹೆಸರನ್ನು ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತೆಂಬುದನ್ನು ನಾನು ಇಂದಿಗೂ ದೊಡ್ಡದೆಂದೇ ನಂಬಿದ್ದೇನೆ.

ಕೇಂದ್ರದ ಗಣಕಯಂತ್ರ ಕೆಟ್ಟಾಗ ಆ ವರ್ಷಗಳ ಮುದ್ರಿಕೆಗಳಲ್ಲಿ ಬಹುಪಾಲು ಅಳಿಸಿಹೋದವೆಂದು ಇತ್ತೀಚೆಗೆ ತಿಳಿದು ತುಂಬ ನೋವಾಯಿತು. ಸೋಬಾನೆ ಪದಗಳ ಒಂದು ಪ್ರತಿ ನನ್ನ ಬಳಿ ಉಳಿದಿದೆ. ಅದನ್ನು ಈ ತಿಂಗಳೇ ಕೇಂದ್ರಕ್ಕೆ ಒಪ್ಪಿಸುತ್ತಿದ್ದೇನೆ. ಮರುಪ್ರಸಾರಕ್ಕೆ ಸಿದ್ಧಪಡಿಸುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಹಾಡಿನ ನಡುವೆ ಕೇಳಿಸುವ ಬಳೆಯ ಸದ್ದನ್ನು ದಯವಿಟ್ಟು ತೆಗೆಯಬೇಡಿ.