ಪ್ರತಿಮೆ ತೆಗೆಸುವ ಕಾನೂನಿನಲ್ಲಿ ಏನು ಬರೆದಿರಬೇಕು

ಚಿಕ್ಕಮಗಳೂರು, 14 ಜುಲೈ 2025, ಸೋಮವಾರ

ವೃತ್ತದ ಪ್ರತಿಮೆಯ ಬಗ್ಗೆ ಜಗಳ ಎದ್ದಾಗಲೆಲ್ಲ ‘ಸರ್ಕಾರ ಒಂದು ಕಾನೂನು ತಂದು ತೆಗೆಸಿಬಿಡಲಿ’ ಎನ್ನುವ ಮಾತು ಬರುತ್ತದೆ. ತೆಗೆಸಬಹುದು. ಆದರೆ ತೆಗೆದದ್ದನ್ನು ಎಲ್ಲಿಡಬೇಕು, ಯಾರು ಇಡಬೇಕು, ಎಷ್ಟು ದಿನದೊಳಗೆ ಎಂದು ಬರೆಯದಿದ್ದರೆ ಅದು ಅರ್ಧ ಕಾನೂನು. ವೃತ್ತದಲ್ಲಿದ್ದ ಜಗಳ ನಗರಸಭೆಯ ಗೋದಾಮಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಮೊದಲು ನೋಡಬೇಕಾದ್ದು ಪ್ರತಿಮೆಯ ಅಡಿಯ ನೆಲ. ಕಡೂರು–ಚಿಕ್ಕಮಗಳೂರು–ಮೂಡಿಗೆರೆ ರಸ್ತೆ ರಾಷ್ಟ್ರೀಯ ಹೆದ್ದಾರಿ 173. ಅದರ ಜಾಗದಲ್ಲಿದ್ದರೆ ಹೆದ್ದಾರಿ ಜಮೀನಿನ ನಿಯಂತ್ರಣಕ್ಕಿರುವ 2002ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ, ವಿಧಾನಸಭೆ ಒಂದೇ ಸಾಲದು. ರಾಜ್ಯದ ರಸ್ತೆಯಾದರೆ ಲೋಕೋಪಯೋಗಿ ಇಲಾಖೆ, ಪಾರ್ಕು ಅಥವಾ ಒಳರಸ್ತೆಯಾದರೆ ನಗರಸಭೆ. ಸರ್ವೆಯರ್ ಬಂದು ಹದ್ದುಬಸ್ತು ಮಾಡಿ ನಕ್ಷೆ ಕೊಡದೆ ನೋಟಿಸು ಹೊರಡಿಸಿದರೆ, ಪ್ರತಿಷ್ಠಾಪನಾ ಸಮಿತಿಯವರು ಹಳೆಯ ಠರಾವಿನ ಪ್ರತಿ ಹಿಡಿದು ಸುಲಭವಾಗಿ ತಡೆಯಾಜ್ಞೆ ತರುತ್ತಾರೆ.

2013ರ ಜನವರಿ 18ರ ಸುಪ್ರೀಂ ಕೋರ್ಟ್ ಆದೇಶವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗೆ ಇನ್ನು ಮುಂದೆ ಅನುಮತಿ ಕೊಡಬಾರದು ಎಂದು ಅದು ರಾಜ್ಯಗಳಿಗೆ ಹೇಳಿದೆ. ‘ಇನ್ನು ಮುಂದೆ’ ಎಂಬ ಮಾತು ಮುಖ್ಯ. ಹಳೆಯ ಪ್ರತಿಮೆ ಅದರಿಂದ ತಾನಾಗಿ ಅಕ್ರಮವಾಗುವುದಿಲ್ಲ. ನಮ್ಮ ರಾಜ್ಯದ 2021ರ ಧಾರ್ಮಿಕ ಕಟ್ಟಡಗಳ ಸಂರಕ್ಷಣೆ ಕಾಯ್ದೆ ಇರುವುದು ಗುಡಿ, ಮಸೀದಿ, ಚರ್ಚುಗಳಂಥವಕ್ಕೆ, ನಾಯಕರ ಪ್ರತಿಮೆಗಲ್ಲ. ಆದರೆ ಮೇಲೆ ಮಂಟಪ ಕಟ್ಟಿ ನಿತ್ಯ ಪೂಜೆ ಶುರುವಾದರೆ ವಾದ ಬೇರೆ ದಾರಿ ಹಿಡಿಯುತ್ತದೆ. ಕಡತ ಮಲಗಿಸಿದಷ್ಟೂ ಕೆಲಸ ಕಷ್ಟ.

ಎಲ್ಲದಕ್ಕೂ ಹೊಸ ಕಾನೂನು ಬೇಕಿಲ್ಲ. 2020ರ ಜೂನ್‌ನಲ್ಲಿ ಬ್ರಿಟಿಷ್ ಕಾಲದ ಕಮಿಷನರ್ ಮಾರ್ಕ್ ಕಬ್ಬನ್ ಪ್ರತಿಮೆ ಬೆಂಗಳೂರಿನ ಹೈಕೋರ್ಟ್ ಎದುರಿನಿಂದ ಕಬ್ಬನ್ ಪಾರ್ಕಿನ ಒಳಕ್ಕೆ ಹೋಯಿತು. ಹೊಸ ಶಾಸನ ಬೇಕಾಗಲಿಲ್ಲ. ಕಾನೂನೇ ಬೇಕೆಂದರೆ ಅಮೆರಿಕದ ವರ್ಜೀನಿಯಾ ರಾಜ್ಯದ್ದನ್ನು ಓದಬೇಕು. ಯುದ್ಧ ಸ್ಮಾರಕಗಳನ್ನು ಸ್ಥಳೀಯ ಸಂಸ್ಥೆಗಳು ಮುಟ್ಟದಂತೆ ಅಲ್ಲಿ ಹಳೆಯ ಕಾನೂನು ಕಟ್ಟಿಹಾಕಿತ್ತು. 2020ರ ಜುಲೈ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ಸಾರ್ವಜನಿಕ ಅಹವಾಲು, ಆಮೇಲೆ ಮತದಾನ. ತೆಗೆಯುವುದೆಂದು ತೀರ್ಮಾನವಾದರೆ 30 ದಿನ ವಸ್ತುಸಂಗ್ರಹಾಲಯ, ಇತಿಹಾಸ ಸಂಘ, ಸರ್ಕಾರಿ ಸಂಸ್ಥೆ ಮೊದಲಾದವರಿಗೆ ‘ನೀವು ಇಟ್ಟುಕೊಳ್ಳುತ್ತೀರಾ’ ಎಂದು ಕೇಳಬೇಕು. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿದ್ದ, ಗುಲಾಮಗಿರಿಯ ಪರ ತೀರ್ಪು ಬರೆದ ನ್ಯಾಯಮೂರ್ತಿ ರೋಜರ್ ಟೇನಿ ಅವರ ಎದೆಮಟ್ಟದ ಪ್ರತಿಮೆಗೆ 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಇನ್ನೂ ಚಿಕ್ಕದು, ಚೊಕ್ಕದು: ತೆಗೆಯಬೇಕಾದ ಸಮಿತಿ ಯಾವುದು, 45 ದಿನದ ಗಡುವು, ಬದಲಿಗೆ ಬರಬೇಕಾದ್ದು ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಪ್ರತಿಮೆ. ನಮ್ಮಲ್ಲಿ ಬರೆಯುವವರು ಈ ಮಾದರಿ ಹಿಡಿದರೆ ಒಳ್ಳೆಯದು.

ತೆಗೆಯುವ ಆದೇಶ ಕೈಗೆ ಬರುವ ಮುಂಚೆಯೇ ಕೋರ್ಟಿನಲ್ಲಿ ಕೇವಿಯಟ್, ಅಂದರೆ ‘ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ’ ಎಂಬ ಅರ್ಜಿ, ಹಾಕಿರಬೇಕು. ಅದಕ್ಕೆ 90 ದಿನ ಆಯಸ್ಸು. ಕೆಲಸ ತಡವಾದರೆ ಮತ್ತೆ ಹಾಕಬೇಕು, ಇದನ್ನು ಮರೆಯುವವರೇ ಹೆಚ್ಚು. ಜನ ಗುಂಪುಗೂಡದಂತೆ ಹಾಕುವ ನಿಷೇಧಾಜ್ಞೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಲ್ಲಿದೆ, ಹಿಂದಿನ 144. ಕಿತ್ತ ದಿನ ಪಂಚರ ಮುಂದೆ ಮಹಜರು, ವಿಡಿಯೊ, ಇದ್ದ ಬಿರುಕುಗಳ ಹತ್ತಿರದ ಫೋಟೊ ಇಲ್ಲದಿದ್ದರೆ ನಾಳೆ ‘ನೀವೇ ಒಡೆದಿರಿ’ ಎಂಬ ಆರೋಪಕ್ಕೆ ಉತ್ತರವಿರುವುದಿಲ್ಲ.

ಪ್ರತಿಮೆ ಯಾವ ವಸ್ತುವಿನದು ಎಂದು ಬಣ್ಣ ನೋಡಿ ಹೇಳಬಾರದು. ಕಂಚಿನ ಬಣ್ಣ ಬಳಿದ ಫೈಬರ್, ಸಿಮೆಂಟು ಎರಡೂ ಇವೆ. ಕಂಚು ಒಳಗೆ ಟೊಳ್ಳು, 6 ಮಿ.ಮೀ. ದಪ್ಪದ್ದು ಚದರ ಮೀಟರಿಗೆ ಸುಮಾರು 53 ಕಿಲೋ. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್. ಬಳಪದ ಕಲ್ಲಿನದಾದರೆ ಸರಪಳಿ ಮುಟ್ಟಿಸಲೇಬಾರದು, ಉಜ್ಜಿದಲ್ಲೆಲ್ಲ ಗೀರು ಬೀಳುತ್ತದೆ. ಅಗಲದ ನೈಲಾನ್ ಬೆಲ್ಟ್, ಕೆಳಗೆ ಗೋಣಿ. ಕಂಚಿನ ಕುತ್ತಿಗೆಗೋ ತೋಳಿಗೋ ಬೆಲ್ಟ್ ಹಾಕಿ ಎತ್ತಿದರೆ ಬೆಸುಗೆ ಬಿಡುತ್ತದೆ. ಸಿಮೆಂಟಿನದರ ಕಂಬಿ ಪೀಠದೊಳಕ್ಕೆ ಇಳಿದಿರುತ್ತದೆ, ಜಗ್ಗಿದರೆ ಕಾಲೇ ಮುರಿಯುತ್ತದೆ. ಪೀಠದ ಮೇಲ್ಭಾಗ ಸಮೇತ ಕೊಯ್ದು ಎತ್ತುವುದೇ ಸರಿ, ಆ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕ್ರೇನಿನ ಮೇಲೆ ಬರೆದ ಟನ್ ಹತ್ತಿರದಿಂದ ಎತ್ತುವಾಗಿನದು. ವೃತ್ತಕ್ಕೆ ಕಂಬಿಬೇಲಿ, ಹೂಗಿಡ ಇದ್ದು ಅದು ದೂರ ನಿಂತರೆ, ಬೂಮ್ (ಕ್ರೇನಿನ ತೋಳು) ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ವಿದ್ಯುತ್ ತಂತಿ ಅಡ್ಡವಿದ್ದರೆ ಇಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್‌ನಿಂದ ಲೈನ್ ಕ್ಲಿಯರ್ (ಕರೆಂಟು ನಿಲ್ಲಿಸಿದ್ದೇವೆ ಎಂಬ ಒಪ್ಪಿಗೆ) ಪಡೆಯಬೇಕು. ಈ ಮಳೆಯಲ್ಲಂತೂ ಮಣ್ಣಿನ ಮೇಲೆ ಕ್ರೇನಿನ ಕಾಲು ಊರುವುದು ಅಪಾಯ, ಅಡಿಗೆ ದಪ್ಪ ಮರದ ದಿಮ್ಮಿ ಬೇಕೇ ಬೇಕು.

ಹೊಸ ಜಾಗದ ಪೀಠ ಅಷ್ಟರಲ್ಲಿ ಸಿದ್ಧವಿರಬೇಕು. ಬೇಲೂರು, ಹಳೇಬೀಡುಗಳಲ್ಲಿ ಸಂರಕ್ಷಿತ ಗುಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಅನುಮತಿ ಬೇಕು. ಕಾಂಕ್ರೀಟು ಪೂರ್ತಿ ಗಟ್ಟಿಯಾಗಲು 28 ದಿನ. ಆದ್ದರಿಂದ ಮಸೂದೆಯಲ್ಲಿ 15 ದಿನದ ಗಡುವು ಹಾಕುವುದು ಬೇಡ. ಪೀಠ ಹಾಕಿದ ದಿನಾಂಕದಿಂದ 45 ದಿನ ಎಂದು ಬರೆಯಿರಿ, ಜಾಗದ ಸರ್ವೆ ನಂಬರನ್ನೂ ಅದೇ ಕಲಮಿನಲ್ಲಿ ಸೇರಿಸಿ.