ಉರಿಮೂತ್ರಕ್ಕೆ ಚಿಲಕವೂ ಮದ್ದು

ಆ ದಿನ ನೆರೆ ಸಂತ್ರಸ್ತರ ಶಿಬಿರದಲ್ಲಿ ನರ್ಸ್ ಅಕ್ಕನ ಜೊತೆ ಔಷಧಿ ಮೇಜಿನ ಹತ್ತಿರ ಇದ್ದೆ. ಜ್ವರ, ಭೇದಿಯವರೇ ಜಾಸ್ತಿ ಅಂದುಕೊಂಡಿದ್ದೆ. ಆದರೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದು ದನಿ ತಗ್ಗಿಸಿ ಹೇಳಿದ್ದು ಉರಿಮೂತ್ರ. ಮಾತ್ರೆ ಎಣಿಸುವ ಮೊದಲು ಅಕ್ಕ, ನೀರು ಎಷ್ಟು ಕುಡೀತೀರಿ ಅಂತ ಕೇಳಿದರು. ತುಂಬು ಬಸುರಿಯೊಬ್ಬಳು, "ಮಧ್ಯಾಹ್ನ ದಾಟಿದ ಮೇಲೆ ಮುಟ್ಟೋದೇ ಇಲ್ಲ ಅಕ್ಕಾ, ಕುಡಿದ್ರೆ ಕತ್ತಲಲ್ಲಿ ಹೋಗ್ಬೇಕಲ್ವಾ" ಅಂದಳು.

ಹೋಗಿ ನೋಡಿದೆವು. ಹೆಂಗಸರ ಶೌಚಾಲಯ ಶಿಬಿರದ ಕಟ್ಟಡದ ಹಿಂದೆ, ಗಂಡಸರದ್ದಕ್ಕೆ ಅಂಟಿಕೊಂಡೇ ಇತ್ತು. ಬೆಳಕಿಲ್ಲ. ಒಳಗಡೆ ಚಿಲಕವೂ ಇಲ್ಲ. ಪರಿಹಾರ ಕೆಲಸದವರು ಪಾಲಿಸಬೇಕಾದ ಸ್ಫಿಯರ್ ಮಾನದಂಡಗಳಲ್ಲಿ 20 ಜನರಿಗೆ ಒಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು, ಒಳಗಿನಿಂದ ಹಾಕಿಕೊಳ್ಳಲು ಚಿಲಕ, ಬೆಳಕು ಎಲ್ಲವೂ ಇದೆ. ನೀರು ಬಿಟ್ಟು, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು ತಗಲುವುದು ಸುಲಭ. ಬಸುರಿಯರಲ್ಲಿ ಅದು ಕಿಡ್ನಿಗೂ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು.

ಶಿಬಿರ ನೋಡಿಕೊಳ್ಳುವವರು, ಮೊದಲು ಊಟದ ವ್ಯವಸ್ಥೆ ಆಗಲಿ, ಚಿಲಕ ಆಮೇಲೆ ಅಂದರು. ನನಗೆ ಬಂದ ಸಿಟ್ಟು ಈಗಲೂ ಹೋಗಿಲ್ಲ. ಅಕ್ಕ ಬಿಡಲಿಲ್ಲ, ಬಡಗಿಯನ್ನು ಕರೆಸಿದರು, ಹೆಂಗಸರನ್ನಷ್ಟೇ ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ಗಂಡಸರ ಎದುರು ಕೇಳಿದ್ದರೆ ಎಲ್ಲಾ ಸರಿ ಇದೆ ಅಂತಲೇ ಹೇಳುತ್ತಿದ್ದರು. ಬಾಗಿಲ ಮೇಲೆ ಮಾತ್ರ ಬಲ್ಬ್ ಹಾಕಿದರೆ ಹುಡುಗರು ಮೊಬೈಲ್ ಹಿಡಿದು ಅಲ್ಲೇ ಗುಂಪು ಕೂರುತ್ತಾರೆ, ದಾರಿಗೂ ಬೆಳಕು ಬೇಕು ಅಂದರು ಒಬ್ಬ ಅಜ್ಜಿ. ನಮಗ್ಯಾರಿಗೂ ಹೊಳೆಯದ ಮಾತು ಅದು. ಮುಟ್ಟಿನ ಬಟ್ಟೆ ಒಣಗಿಸಲು ಮರೆಯಿಲ್ಲ ಅಂತ ಇನ್ನೊಬ್ಬರು. ಪ್ಯಾಡ್ ಹಂಚಿದ್ದರು ನಿಜ, ಉಟ್ಟ ಬಟ್ಟೆಯಲ್ಲೇ ಓಡಿಬಂದವರಿಗೆ ಬದಲಿಸಲು ಒಳಉಡುಪೇ ಇಲ್ಲದಿದ್ದರೆ ಅದನ್ನಿಟ್ಟುಕೊಂಡು ಏನು ಮಾಡುತ್ತಾರೆ?

ಹೆರಿಗೆ ಹತ್ತಿರವಿದ್ದವರ ಪಟ್ಟಿ ಮಾಡಿದೆವು. ಆಸ್ಪತ್ರೆಗೆ ಯಾವ ದಾರಿ ಮುಳುಗಿಲ್ಲ, ರಾತ್ರಿ ಯಾವ ಗಾಡಿ ಸಿಗುತ್ತದೆ ಅಂತ ಬರೆದಿಟ್ಟೆವು. ಆ ದಾರಿಯೂ ಕಡಿದುಹೋದರೆ ಅಂತ ಸೋಪು, ಗ್ಲೌಸ್, ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ದಾರ, ಪ್ಲಾಸ್ಟಿಕ್ ಹಾಳೆ ಇರುವ ಹೆರಿಗೆ ಕಿಟ್‌ಗಳನ್ನು ಅಕ್ಕ ಕೊಟ್ಟರು.

ಕೊನೆಗೆ, ಯಾರೂ ಕೇಳದಿದ್ದರೂ ಅಕ್ಕ ತಾವಾಗಿಯೇ ಒಂದು ವಿಷಯ ಎತ್ತಿದರು. ಅತ್ಯಾಚಾರ ನಡೆದರೆ ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಗರ್ಭ ತಡೆಯುವ ಮಾತ್ರೆಯನ್ನು 5 ದಿನದೊಳಗೆ ತಗೋಬೇಕು, ಎರಡೂ ಬೇಗ ಆದಷ್ಟೂ ಒಳ್ಳೆಯದು. ಇದನ್ನೇ ದಪ್ಪ ಅಕ್ಷರದಲ್ಲಿ ಬರೆದು, ಯಾರನ್ನು ಕಾಣಬೇಕು ಅಂತಲೂ ಸೇರಿಸಿ, ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದೆವು. ಅಲ್ಲಾದರೆ ಯಾರ ಕಣ್ಣಿಗೂ ಬೀಳದೆ ಓದಬಹುದು. ಓದು ಬಾರದವರಿಗೆ ಅಕ್ಕ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳಿದರು.